ಮನೆ ಬೆಕ್ಕಿನ ಲಸಿಕೆ: ಒಂದು ಪ್ರಶ್ನೆಯಲ್ಲ, ಮೂರು

ಬೆಂಗಳೂರಿನ ರಾಜಾಜಿನಗರದಿಂದ ಕೆಂಗೇರಿ ಉಪನಗರದವರೆಗೆ ಬೆಕ್ಕು ಸಾಕುವವರಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ. ನಾಯಿಗೆ ಇಂಜೆಕ್ಷನ್ ಹಾಕಿಸಲೇಬೇಕು, ಬೆಕ್ಕಿಗೆ ಅಷ್ಟೇನೂ ಬೇಡ. ಹೊಸ್ತಿಲು ದಾಟದ ಬೆಕ್ಕಿಗಂತೂ ಬೇಡವೇ ಬೇಡ. ಹೀಗೆ ಹೇಳುವವರು ಬೆಕ್ಕಿನ ಮೇಲೆ ಅಕ್ಕರೆಯಿಲ್ಲದವರಲ್ಲ. ಮೀನಿನ ಮುಳ್ಳು ತೆಗೆದು ಹಾಕುವವರು, ಯುಟಿಲಿಟಿಯ ಕಿಟಕಿಗೆ ಬಲೆ ಹೊಡೆಸಿದವರು, ಬೆಕ್ಕನ್ನು ಒಂಟಿಯಾಗಿ ಬಿಡಬೇಕಾದೀತೆಂದು ಊರಿನ ಜಾತ್ರೆಗೂ ಹೋಗದವರು ಇವರಲ್ಲಿದ್ದಾರೆ. ಆದ್ದರಿಂದ ಇದನ್ನು ಅಸಡ್ಡೆ ಎಂದು ತಳ್ಳಿಹಾಕಿದರೆ ಚರ್ಚೆ ಮುಂದೆ ಹೋಗುವುದಿಲ್ಲ. ನಂಬಿಕೆಯ ಹಿಂದೆ ಒಂದು ತರ್ಕವಿದೆ, ಅದನ್ನು ಮೊದಲು ಅದರ ಅತ್ಯಂತ ಬಲವಾದ ರೂಪದಲ್ಲಿ ಎದುರಿಗಿಟ್ಟುಕೊಳ್ಳಬೇಕು.

ಆ ತರ್ಕ ಹೀಗಿದೆ. ಅಂಟುರೋಗ ಬರಲು ಅಂಟಿಸುವವರು ಬೇಕು. ಬೀದಿ ಬೆಕ್ಕಿನ ಜೊತೆ ಜಗಳವಾಡದ, ಇನ್ನೊಂದು ಬೆಕ್ಕಿನ ತಟ್ಟೆಗೆ ಬಾಯಿ ಹಾಕದ, ನಾಯಿಯ ಕಣ್ಣಿಗೇ ಬೀಳದ ಬೆಕ್ಕಿಗೆ ರೋಗ ಅಂಟಿಸುವವರು ಯಾರು? ಲಸಿಕೆಯಿಂದ ಅಪಾಯವೇ ಇಲ್ಲವೆಂದಲ್ಲ. ಎರಡು ದಿನ ಮಂಕಾಗಿ ಮೂಲೆ ಹಿಡಿಯುವ ಬೆಕ್ಕನ್ನು ಎಲ್ಲರೂ ನೋಡಿದ್ದಾರೆ. ಆಸ್ಪತ್ರೆಗೆ ಒಯ್ಯುವುದು ಬೆಕ್ಕಿಗೂ ಹಿಂಸೆ, ಒಯ್ಯುವವರಿಗೂ ಹಿಂಸೆ. ಅಲ್ಲಿ ಕಾಯಿಲೆಯ ಪ್ರಾಣಿಗಳ ನಡುವೆ ಕೂತು, ಇಲ್ಲದ ರೋಗವನ್ನು ಕೈಯಾರೆ ಹಚ್ಚಿಸಿಕೊಂಡು ಬಂದಂತಾದೀತು. ಮೇಲಾಗಿ ಅಜ್ಜಿಯ ಮನೆಯ ಬೆಕ್ಕುಗಳು ಯಾವ ಲಸಿಕೆಯನ್ನೂ ಕಾಣದೆ ಹತ್ತು ಹನ್ನೆರಡು ವರ್ಷ ಬದುಕಿದ್ದವು. ಲಾಭ ಸೊನ್ನೆಗೆ ಹತ್ತಿರ, ಖರ್ಚೂ ತೊಂದರೆಯೂ ಖಚಿತ. ಹಾಗಿದ್ದ ಮೇಲೆ ಬೇಡ ಎನ್ನುವುದೇ ವಿವೇಕವಲ್ಲವೇ?

ಲೆಕ್ಕದ ಕ್ರಮ ಸರಿಯಾಗಿದೆ. ಲಾಭವನ್ನೂ ನಷ್ಟವನ್ನೂ ತೂಗಿ ನೋಡಬೇಕೆಂಬುದರಲ್ಲಿ ತಕರಾರಿಲ್ಲ. ತಪ್ಪಿರುವುದು ಲೆಕ್ಕಕ್ಕೆ ಹಾಕಿದ ಅಂಕಿಗಳಲ್ಲಿ, ಅದರಲ್ಲೂ ಮೊದಲನೆಯದರಲ್ಲೇ. ಬೆಕ್ಕು ಎಲ್ಲಿರುತ್ತದೆ ಎಂಬುದನ್ನು ನೋಡಿ, ರೋಗ ಯಾವ ದಾರಿಯಲ್ಲಿ ಬರುತ್ತದೆ ಎಂಬುದನ್ನು ಈ ತರ್ಕ ತೀರ್ಮಾನಿಸಿಬಿಡುತ್ತದೆ. ಇವೆರಡೂ ಬೇರೆ ಬೇರೆ ಸಂಗತಿಗಳು. ಬೆಕ್ಕು ಹೊರಗೆ ಹೋಗದಿರಬಹುದು, ಮನೆಯ ಮಂದಿ ಹೋಗುತ್ತಾರೆ, ಅವರ ಚಪ್ಪಲಿಯೂ ಹೋಗಿ ಬರುತ್ತದೆ. ಬೆಕ್ಕುಗಳನ್ನು ಅತಿ ಬೇಗ ಕೊಲ್ಲುವ ರೋಗಗಳಲ್ಲಿ ಮೊದಲ ಸಾಲಿನ ಪ್ಯಾನ್‌ಲ್ಯುಕೋಪೀನಿಯಾಕ್ಕೆ ಇಷ್ಟೇ ಸಾಕು. ಇದು ಪಾರ್ವೊ ಗುಂಪಿನ ವೈರಸ್ಸಿನಿಂದ ಬರುವ ರೋಗ. ವೈರಸ್ಸು ಕರುಳಿನ ಒಳಪದರವನ್ನೂ ಅಸ್ಥಿಮಜ್ಜೆಯನ್ನೂ ಹಿಡಿಯುತ್ತದೆ, ಅಂದರೆ ವೇಗವಾಗಿ ಹುಟ್ಟುತ್ತಲೇ ಇರುವ ಜೀವಕೋಶಗಳನ್ನು. ಬಿಳಿ ರಕ್ತಕಣಗಳು ಕುಸಿದು, ವಾಂತಿ ಭೇದಿಯಲ್ಲಿ ನೀರಿನಂಶ ಬರಿದಾಗಿ, ಮರಿಗಳು ಎರಡು ಮೂರು ದಿನಗಳಲ್ಲೇ ಸಾಯುವುದುಂಟು. ಕಾಯಿಲೆಯ ಬೆಕ್ಕಿನ ಮಲದಲ್ಲಿ ಹೊರಬಿದ್ದ ಈ ವೈರಸ್ಸು ಕೋಣೆಯ ಉಷ್ಣಾಂಶದಲ್ಲಿ ಒಂದು ವರ್ಷದವರೆಗೂ ಜೀವ ಹಿಡಿದಿರಬಲ್ಲದು. ಬೆಕ್ಕಿಗೆ ಬೆಕ್ಕು ಮುಖಾಮುಖಿಯಾಗಬೇಕಾದ ಅಗತ್ಯವೇ ಇಲ್ಲ.

ಈಗ ನಮ್ಮ ಬಡಾವಣೆಗಳ ಮನೆಗಳನ್ನು ನೋಡಿ. ವಿಜಯನಗರ, ಬಸವೇಶ್ವರನಗರಗಳಲ್ಲಿ ಮೂವತ್ತು ನಲವತ್ತರ ಸೈಟುಗಳು ಗೋಡೆಗೆ ಗೋಡೆ ತಾಗಿಸಿ ನಿಂತಿವೆ. ಒಂದು ಮನೆಯ ಸಜ್ಜೆಯಿಂದ ಇನ್ನೊಂದರ ತಾರಸಿಗೆ ಬೀದಿ ಬೆಕ್ಕುಗಳ ಓಡಾಟ ಹಗಲೂ ರಾತ್ರಿಯೂ ಉಂಟು. ಗಿಡದ ಕುಂಡದ ಮಣ್ಣು, ಮನೆ ಕಟ್ಟಲು ತಂದು ರಾಶಿ ಹಾಕಿದ ಮರಳು ಅವುಗಳ ಶೌಚದ ಜಾಗ. ಅದೇ ಮೆಟ್ಟಿಲನ್ನು ತುಳಿದು ನಾವು ಒಳಗೆ ಬರುತ್ತೇವೆ. ಕೆಲಸದವರು, ಸಿಲಿಂಡರ್ ತರುವವರು, ಪಾರ್ಸಲ್ ಕೊಡುವವರು ಬರುತ್ತಾರೆ. ಇದರ ಮೇಲೆ ಬೀದಿ ನಾಯಿಗಳಿವೆ. 2023ರ ಸಮೀಕ್ಷೆಯಲ್ಲಿ ಆಗಿನ ಮಹಾನಗರ ಪಾಲಿಕೆ ಬಿಬಿಎಂಪಿ ನಗರದಲ್ಲಿ ಸುಮಾರು 2.79 ಲಕ್ಷ ಬೀದಿ ನಾಯಿಗಳಿವೆಯೆಂದು ಅಂದಾಜು ಮಾಡಿತ್ತು. 1970ರ ದಶಕದ ಕೊನೆಯಲ್ಲಿ ಕಾಣಿಸಿಕೊಂಡ ನಾಯಿಯ ಪಾರ್ವೊ ವೈರಸ್ಸು ಬೆಕ್ಕಿನ ಈ ವೈರಸ್ಸಿನ ಹತ್ತಿರದ ಸಂಬಂಧಿ. ಅದರ ನಂತರದ ರೂಪಾಂತರಗಳು ಬೆಕ್ಕಿಗೂ ತಗಲಬಲ್ಲವು. ಆದ್ದರಿಂದ ಬೆಕ್ಕೇ ಇಲ್ಲದ ಬೀದಿಯ ಮನೆಯೂ ಈ ಲೆಕ್ಕದಿಂದ ಹೊರಗುಳಿಯುವುದಿಲ್ಲ.

ದಿನವೂ ಫಿನೈಲ್ ಹಾಕಿ ನೆಲ ಒರೆಸುತ್ತೇವಲ್ಲ ಎಂಬ ಸಮಾಧಾನ ಇಲ್ಲಿ ಕೆಲಸಕ್ಕೆ ಬಾರದು. ಪಾರ್ವೊ ಗುಂಪಿನ ವೈರಸ್ಸುಗಳ ಮೇಲೆ ಸ್ಯಾನಿಟೈಸರ್‌ನಂಥ ಮದ್ಯಸಾರದ ದ್ರಾವಣಗಳು ನಾಟುವುದಿಲ್ಲ, ಫಿನೈಲನ್ನೂ ನೆಚ್ಚುವಂತಿಲ್ಲ. ಅದಕ್ಕಿಂತ ಮುಖ್ಯವಾಗಿ, ಫಿನಾಲ್ ಇರುವ ದ್ರಾವಣಗಳು ಬೆಕ್ಕಿಗೆ ವಿಷ. ಬೆಕ್ಕಿನ ಯಕೃತ್ತಿಗೆ ಅವನ್ನು ಮುರಿದು ಹೊರಹಾಕುವ ಶಕ್ತಿ ಕಡಿಮೆ. ಒರೆಸಿದ ನೆಲದ ಮೇಲೆ ನಡೆದು ಪಾದ ನೆಕ್ಕುವ ಪ್ರಾಣಿಯ ಹೊಟ್ಟೆಗೆ ಅದು ನೇರವಾಗಿ ಸೇರುತ್ತದೆ. ನೀರಿಗೆ ಬೆರೆಸಿದ ಬ್ಲೀಚು ವೈರಸ್ಸನ್ನು ಕೊಲ್ಲುತ್ತದೆ ನಿಜ. ಆದರೆ ಬಾಗಿಲಿಗೆ ಬಂದವರ ಪಾದವನ್ನೆಲ್ಲ ದಿನವೂ ಬ್ಲೀಚಿನಲ್ಲಿ ಅದ್ದಿಸುವುದು ಸಾಧ್ಯವಿಲ್ಲ. ಇದು ಪಠ್ಯಪುಸ್ತಕದ ಭೀತಿಯೂ ಅಲ್ಲ. 2025ರ ಆರಂಭದಲ್ಲಿ ರಾಯಚೂರು ಜಿಲ್ಲೆಯಲ್ಲಿ ಇದೇ ರೋಗ ಹಬ್ಬಿ ಹಲವಾರು ಬೆಕ್ಕುಗಳು ಸತ್ತದ್ದು ಪತ್ರಿಕೆಗಳಲ್ಲಿ ವರದಿಯಾಗಿತ್ತು. ಮನುಷ್ಯರಿಗೆ ಬರುತ್ತದೆಯೇ ಎಂಬ ಗಾಬರಿಯೂ ಆಗ ಎದ್ದಿತ್ತು. ಬರುವುದಿಲ್ಲ. ಮನುಷ್ಯರು ಇದರ ರೋಗಿಗಳಲ್ಲ, ಸಾಗಿಸುವವರು ಮಾತ್ರ.

ಎರಡನೆಯ ಗೊಂದಲ ‘ಲಸಿಕೆ ಬೇಕೇ ಬೇಡವೇ’ ಎಂಬ ಪ್ರಶ್ನೆಯೊಳಗೇ ಇದೆ. ಬೆಕ್ಕಿನ ಲಸಿಕೆ ಎಂಬ ಒಂದೇ ವಸ್ತುವಿಲ್ಲ. ಕ್ಲಿನಿಕ್ಕಿನಲ್ಲಿ ‘ತ್ರೀ ಇನ್ ಒನ್’ ಅಥವಾ ‘ಟ್ರೈಕ್ಯಾಟ್’ ಎಂದು ಕರೆಯುವ ಒಂದು ಚುಚ್ಚುಮದ್ದು, ಅದರ ಜೊತೆಗೆ ರೇಬೀಸಿನದು, ಇವೆರಡರಲ್ಲಿ ಮೂರು ಬೇರೆ ಬೇರೆ ಕೆಲಸಗಳು ಅಡಗಿವೆ. ಒಂದಕ್ಕೆ ಹೊಂದುವ ಆಕ್ಷೇಪ ಇನ್ನೊಂದಕ್ಕೆ ಹೊಂದದು. ಬಿಡಿಸಿ ನೋಡೋಣ.

1. ಪ್ಯಾನ್‌ಲ್ಯುಕೋಪೀನಿಯಾ. ಇಲ್ಲಿ ಲಸಿಕೆ ಬಹಳ ಸಮರ್ಥವಾದದ್ದು. ಸರಿಯಾದ ವಯಸ್ಸಿನಲ್ಲಿ ಹಾಕಿದರೆ ರೋಗವನ್ನು ಪೂರ್ತಿಯಾಗಿ ತಡೆಯುತ್ತದೆ, ವರ್ಷಗಟ್ಟಲೆ ಉಳಿಯುತ್ತದೆ. ರೋಗಕ್ಕೆ ನೇರ ಔಷಧವಿಲ್ಲ, ಡ್ರಿಪ್ಪು, ಶುಶ್ರೂಷೆಗಳ ಬಲದಿಂದ ಪ್ರಾಣ ಹಿಡಿದಿಡಬೇಕು. ವೈರಸ್ಸು ಮನೆಯೊಳಗೆ ಬರಬಲ್ಲದು ಎಂಬುದನ್ನು ಒಪ್ಪಿದ ಮೇಲೆ, ‘ಹೊರಗೆ ಹೋಗುವುದಿಲ್ಲ’ ಎಂಬ ಆಕ್ಷೇಪಕ್ಕೆ ಇಲ್ಲಿ ಜಾಗವಿಲ್ಲ.

2. ಹರ್ಪಿಸ್ ಮತ್ತು ಕ್ಯಾಲಿಸಿ ವೈರಸ್ಸುಗಳ ಶೀತ, ಕಣ್ಣಿನ ಪಿಸುರು, ಬಾಯಿಹುಣ್ಣು. ಇಲ್ಲಿ ಲಸಿಕೆ ಸೋಂಕನ್ನು ಪೂರ್ತಿ ತಡೆಯುವುದಿಲ್ಲ, ಅದರ ತೀವ್ರತೆಯನ್ನು ತಗ್ಗಿಸುತ್ತದೆ. ‘ಹಾಕಿಸಿದರೂ ಸೀನುತ್ತದೆ’ ಎಂಬ ದೂರು ನಿಜ, ಆದರೆ ಅದು ಲಸಿಕೆ ಮಾಡುತ್ತೇನೆಂದು ಹೇಳದ ಕೆಲಸವನ್ನು ಮಾಡಲಿಲ್ಲವೆಂಬ ದೂರು. ಹರ್ಪಿಸ್ ವೈರಸ್ಸು ಒಮ್ಮೆ ಹೊಕ್ಕರೆ ನರಗಂಟುಗಳಲ್ಲಿ ಜೀವನಪರ್ಯಂತ ಅಡಗಿ ಕೂರುತ್ತದೆ, ಬೆಕ್ಕಿಗೆ ಒತ್ತಡವಾದಾಗ ಮತ್ತೆ ಏಳುತ್ತದೆ. ಬಾಡಿಗೆ ಮನೆ ಬದಲಿಸಿದಾಗ, ದಸರಾ ರಜೆಯಲ್ಲಿ ಬೇರೆಯವರ ಮನೆಯಲ್ಲಿ ಬಿಟ್ಟುಹೋದಾಗ, ಪಟಾಕಿಯ ವಾರದಲ್ಲಿ ಅದು ಕಾಣಿಸಿಕೊಳ್ಳುವುದು ಹೀಗೆ. ಎಷ್ಟೋ ಮರಿಗಳು ತಾಯಿಯಿಂದಲೇ ಇದನ್ನು ಪಡೆದು ನಮ್ಮ ಮನೆಗೆ ಬರುತ್ತವೆ. ಬಾಗಿಲು ಮುಚ್ಚುವ ಹೊತ್ತಿಗೆ ಅತಿಥಿ ಒಳಗಿರುತ್ತಾನೆ.

3. ರೇಬೀಸ್. ಮನೆಯೊಳಗಿನ ಬೆಕ್ಕಿಗೆ ರೇಬೀಸ್ ತಗಲುವ ಸಂಭವ ನಿಜಕ್ಕೂ ಕಡಿಮೆ. ಬೆಕ್ಕುಗಳಲ್ಲೇ ಸುತ್ತುವ ಪ್ರತ್ಯೇಕ ರೇಬೀಸ್ ತಳಿಯಿಲ್ಲ, ನಮ್ಮಲ್ಲಿ ಅದು ಹೆಚ್ಚಾಗಿ ನಾಯಿಯಿಂದ ದಾಟಿ ಬರುವಂಥದ್ದು. ಆದರೆ ತೂಕ ಮಾಡಬೇಕಾದದ್ದು ಸಂಭವವನ್ನಷ್ಟೇ ಅಲ್ಲ, ಪರಿಣಾಮವನ್ನೂ. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗದಿಂದ ಉಳಿಯುವುದು ಇಲ್ಲವೆಂದೇ ಹೇಳಬೇಕು, ಬೆಕ್ಕಾದರೂ ಮನುಷ್ಯನಾದರೂ. ಇನ್ನೆರಡು ಲಸಿಕೆಗಳು ಬೆಕ್ಕನ್ನಷ್ಟೇ ಕಾಯುತ್ತವೆ, ಇದು ಬೆಕ್ಕಿನ ಮೂಲಕ ಮನೆಯವರನ್ನೂ ಕಾಯುತ್ತದೆ.

ಮೂರನೆಯದನ್ನು ಇನ್ನಷ್ಟು ನೋಡಬೇಕು, ಏಕೆಂದರೆ ಅತಿಶಯೋಕ್ತಿಗೂ ಅಸಡ್ಡೆಗೂ ಇಲ್ಲೇ ಹೆಚ್ಚು ಅವಕಾಶ. ಐಸಿಎಂಆರ್ 2022–23ರಲ್ಲಿ ನಡೆಸಿದ ದೇಶವ್ಯಾಪಿ ಸಮೀಕ್ಷೆಯ ಆಧಾರದಲ್ಲಿ ಭಾರತದಲ್ಲಿ ವರ್ಷಕ್ಕೆ ಸುಮಾರು 5,700 ಮಂದಿ ರೇಬೀಸಿನಿಂದ ಸಾಯುತ್ತಾರೆಂದು ಅಂದಾಜಾಗಿದೆ. ಪ್ರಾಣಿ ಕಡಿತಗಳಲ್ಲಿ ಮುಕ್ಕಾಲು ಪಾಲು ನಾಯಿಗಳದು. ಹಾಗಾಗಿ ಬೆಕ್ಕನ್ನು ಹುಚ್ಚುನಾಯಿಯ ಸಾಲಿಗೆ ಸೇರಿಸಿ ಹೆದರಿಸುವುದು ತಪ್ಪು. ಅಷ್ಟೇ ತಪ್ಪು, ಉಳಿದ ಕಾಲು ಪಾಲನ್ನು ಇಲ್ಲವೆಂದು ತಿಳಿಯುವುದು. ಕರ್ನಾಟಕ ಸರ್ಕಾರ 2022ರಲ್ಲಿ ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಪಟ್ಟಿಗೆ ಸೇರಿಸಿದ್ದು ಸುಮ್ಮನೆ ಅಲ್ಲ. ಬೆಕ್ಕು ಪರಚಿದರೂ ಕಚ್ಚಿದರೂ ಗಾಯವನ್ನು ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ವೈದ್ಯರನ್ನು ಕಾಣಬೇಕು. ಬೆಕ್ಕಿಗೆ ಲಸಿಕೆಯಾಗಿದೆ ಎಂಬುದು ಅದನ್ನು ಬಿಟ್ಟುಬಿಡಲು ನೆಪವಾಗಬಾರದು. ಹಾಗಾದರೆ ಲಸಿಕೆಯಿಂದ ಆದ ಲಾಭವೇನು? ಬೆಕ್ಕು ರೋಗವಾಹಕವಾಗುವ ಸಾಧ್ಯತೆಯನ್ನೇ ಅದು ಮೊದಲ ಹಂತದಲ್ಲಿ ಕತ್ತರಿಸುತ್ತದೆ. ಮನುಷ್ಯನ ಚಿಕಿತ್ಸೆ ಕೊನೆಯ ಬೇಲಿ. ಕೊನೆಯ ಬೇಲಿ ಇದೆಯೆಂದು ಮೊದಲನೆಯದನ್ನು ಕೀಳುವುದು ಜಾಣತನವಲ್ಲ. ಮೇಲಾಗಿ ಎಂದೂ ಹೊರಗೆ ಹೋಗದ ಬೆಕ್ಕು ಎಂಬುದು ಒಂದು ಅಭ್ಯಾಸದ ವಿವರಣೆಯೇ ಹೊರತು ಮುಂದಿನ ಖಾತರಿಯಲ್ಲ. ಬಣ್ಣ ಹೊಡೆಯುವವರು ಬಾಗಿಲು ತೆರೆದಿಟ್ಟ ದಿನ, ದೀಪಾವಳಿಯ ರಾತ್ರಿ, ಬೆದೆಗೆ ಬಂದ ವಾರ, ಇಂಥ ಹೊತ್ತಿನಲ್ಲೇ ಬೆಕ್ಕು ಹೊರಗೆ ಜಿಗಿಯುವುದು. ಆ ದಿನ ಬೆಳಿಗ್ಗೆ ಲಸಿಕೆ ಹಾಕಿಸುತ್ತೇವೆಂದರೆ ಆಗದು.

ಇನ್ನು ಅಜ್ಜಿಯ ಮನೆಯ ಬೆಕ್ಕಿನ ವಾದ. ಕೇಳಲು ಹಿತವಾದ, ಪರೀಕ್ಷೆಗೆ ನಿಲ್ಲದ ವಾದ ಇದು. ಲೆಕ್ಕ ಸರಳ. ಒಂದು ಹೆಣ್ಣು ಬೆಕ್ಕು ವರ್ಷಕ್ಕೆ ಎರಡು ಸಲ, ಸಲಕ್ಕೆ ನಾಲ್ಕರಂತೆ ಮರಿ ಹಾಕುತ್ತದೆ ಎಂದಿಟ್ಟುಕೊಳ್ಳಿ. ಐದು ವರ್ಷಕ್ಕೆ ನಲವತ್ತು ಮರಿಗಳು. ಊರಿನಲ್ಲಿ ಬೆಕ್ಕುಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೆಚ್ಚುಕಡಿಮೆ ಅಷ್ಟೇ ಇತ್ತೆಂದರೆ, ತಂದೆತಾಯಿಯ ಜಾಗ ತುಂಬಲು ಉಳಿದದ್ದು ಎರಡು. ಮೂವತ್ತೆಂಟು ಎಲ್ಲಿಗೆ ಹೋದವು? ಕೆಲವನ್ನು ನಾಯಿ ಹಿಡಿಯಿತು, ಕೆಲವು ಹಸಿವಿಗೆ, ಕೆಲವು ಬಾವಿಗೆ, ಕೆಲವು ವಾಂತಿ ಭೇದಿಗೆ. ಎಲ್ಲವೂ ರೋಗದಿಂದಲೇ ಸತ್ತವೆಂದು ಹೇಳುವುದು ನ್ಯಾಯವಲ್ಲ. ಆದರೆ ‘ಎಲ್ಲ ಬದುಕಿದ್ದವು’ ಎಂಬ ನೆನಪು ಒಲೆಯ ಬಳಿ ಉಳಿದ ಎರಡನ್ನು ಮಾತ್ರ ಎಣಿಸಿದೆ, ಅಟ್ಟದಲ್ಲಿ ಹುಟ್ಟಿ ಅಲ್ಲೇ ಮುಗಿದವನ್ನು ಎಣಿಸಿಲ್ಲ. ಅಂದಿನವರು ಮರಿಗಳ ಸಾವನ್ನು ಲೆಕ್ಕಕ್ಕೆ ಇಡಲಿಲ್ಲ, ಏಕೆಂದರೆ ಬೆಕ್ಕು ಅವರಿಗೆ ಇಲಿ ಹಿಡಿಯುವ ಪ್ರಾಣಿ, ಒಂದು ಹೋದರೆ ಇನ್ನೊಂದು ಬರುತ್ತಿತ್ತು. ಇಂದು ಒಂದೇ ಬೆಕ್ಕಿಗೆ ಹೆಸರಿಟ್ಟು, ಸಂತಾನಹರಣ ಮಾಡಿಸಿ, ಹದಿನೈದು ವರ್ಷ ಬಾಳಲಿ ಎಂದು ಬಯಸುವವರು ಅಂದಿನ ಲೆಕ್ಕವನ್ನು ಎರವಲು ತರುವಂತಿಲ್ಲ.

‘ಹಾಕಿಸಿದ್ದೆವು, ಆದರೂ ಸತ್ತಿತು’ ಎಂಬ ಅನುಭವದ ಮಾತಿಗೆ ಇದಕ್ಕಿಂತ ಹೆಚ್ಚು ಗೌರವ ಸಲ್ಲಬೇಕು, ಏಕೆಂದರೆ ಅದು ನಡೆದಿರುತ್ತದೆ. ಕಾರಣ ತಿಳಿದರೆ ಅದು ಲಸಿಕೆಯ ವಿರುದ್ಧದ ಸಾಕ್ಷಿಯಾಗದೆ ವೇಳಾಪಟ್ಟಿಯ ಪರವಾದ ಸಾಕ್ಷಿಯಾಗುತ್ತದೆ. ಹುಟ್ಟಿದ ಮರಿಗೆ ತಾಯಿಯ ಮೊದಲ ಹಾಲಿನಿಂದ ಪ್ರತಿಕಾಯಗಳು ಬರುತ್ತವೆ. ಅವು ಮರಿಯನ್ನು ಕಾಯುತ್ತವೆ, ಜೊತೆಗೆ ಲಸಿಕೆಯೊಳಗಿನ ದುರ್ಬಲ ವೈರಸ್ಸನ್ನೂ ಹೊಡೆದುಹಾಕಿ ಲಸಿಕೆಯನ್ನು ವ್ಯರ್ಥ ಮಾಡುತ್ತವೆ. ಈ ಪ್ರತಿಕಾಯಗಳು ಒಂದು ಮರಿಯಲ್ಲಿ ಎಂಟು ವಾರಕ್ಕೆ ಕರಗಬಹುದು, ಇನ್ನೊಂದರಲ್ಲಿ ಹದಿನಾರು ವಾರಕ್ಕೂ ಉಳಿದಿರಬಹುದು. ಯಾವುದರಲ್ಲಿ ಯಾವಾಗ ಎಂಬುದು ಹೊರಗಿನಿಂದ ತಿಳಿಯದು. ಅದಕ್ಕೇ ಜಾಗತಿಕ ಸಣ್ಣಪ್ರಾಣಿ ಪಶುವೈದ್ಯರ ಸಂಘ, ಅಂದರೆ ವಸಾವ, ಆರರಿಂದ ಎಂಟು ವಾರಕ್ಕೆ ಆರಂಭಿಸಿ ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವವರೆಗೆ ಲಸಿಕೆ ಕೊಡಬೇಕೆನ್ನುತ್ತದೆ. ಹೀಗೆ ಕೊಡುವುದು ಒಂದರ ಮೇಲೊಂದು ಬಲ ಪೇರಿಸಲೆಂದಲ್ಲ, ತಾಯಿಯ ಪ್ರತಿಕಾಯ ಕರಗಿದ ಕೂಡಲೇ ಒಂದಾದರೂ ಹಿಡಿಯಲೆಂದು. ಎಂಟನೆಯ ವಾರಕ್ಕೆ ಒಂದು ಹಾಕಿಸಿ ‘ಆಯಿತು’ ಎಂದು ನಿಲ್ಲಿಸಿದವರ ಮರಿ ಹದಿಮೂರನೆಯ ವಾರದಲ್ಲಿ ಸತ್ತರೆ, ಲಸಿಕೆ ಸೋತದ್ದಲ್ಲ. ಲಸಿಕೆ ಆಗಿಯೇ ಇರಲಿಲ್ಲ.

ಅಡ್ಡಪರಿಣಾಮಗಳ ಆಕ್ಷೇಪದಲ್ಲಿ ಹುರುಳಿದೆ. ಒಂದೆರಡು ದಿನದ ಮಂಕು, ಸಣ್ಣ ಜ್ವರ, ಚುಚ್ಚಿದಲ್ಲಿ ಗಂಟು ಸಾಮಾನ್ಯ. ಬಹಳ ಅಪರೂಪವಾಗಿ ಮುಖ ಊದಿಕೊಳ್ಳುವಂಥ ತೀವ್ರ ಅಲರ್ಜಿ ಬರಬಹುದು, ಅದಕ್ಕೇ ಚುಚ್ಚಿಸಿದ ಮೇಲೆ ಸ್ವಲ್ಪ ಹೊತ್ತು ಕ್ಲಿನಿಕ್ಕಿನಲ್ಲೇ ಕಾಯುವುದು ಒಳ್ಳೆಯದು. ಗಂಭೀರವಾದದ್ದು ಇನ್ನೊಂದಿದೆ. ಬೆಕ್ಕುಗಳಲ್ಲಿ ಚುಚ್ಚಿದ ಜಾಗದಲ್ಲಿ ಕ್ಯಾನ್ಸರಿನ ಗಡ್ಡೆ ಬೆಳೆಯಬಹುದೆಂಬುದನ್ನು 1991ರಲ್ಲಿ ಅಮೆರಿಕದ ಪಶುವೈದ್ಯರು ಗುರುತಿಸಿದರು. ಹತ್ತು ಸಾವಿರ ಚುಚ್ಚುಮದ್ದಿಗೆ ಒಂದರ ಆಸುಪಾಸು ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ಇದನ್ನು ಮುಚ್ಚಿಡುವ ಪ್ರಚಾರ ಲಸಿಕೆಗೇ ದ್ರೋಹ. ಆದರೆ ಇದರಿಂದ ಹೊರಡುವ ತೀರ್ಮಾನ ‘ಹಾಕಿಸಬೇಡಿ’ ಎಂದಲ್ಲ. ಭುಜಗಳ ನಡುವೆ ಚುಚ್ಚದೆ ಕಾಲಿನ ಕೆಳಭಾಗದಲ್ಲಿ ಚುಚ್ಚಿಸಿ. ಯಾವ ಲಸಿಕೆ ಯಾವ ಕಾಲಿಗೆ ಎಂಬುದನ್ನು ಕಾರ್ಡಿನಲ್ಲಿ ಬರೆಸಿ. ಗಂಟು ಮೂರು ತಿಂಗಳಾದರೂ ಕರಗದಿದ್ದರೆ, ಎರಡು ಸೆಂಟಿಮೀಟರ್ ಮೀರಿದರೆ, ಅಥವಾ ಚುಚ್ಚಿದ ತಿಂಗಳ ಮೇಲೂ ಬೆಳೆಯುತ್ತಿದ್ದರೆ ತೋರಿಸಿ. ಬೇಡದ ಚುಚ್ಚುಮದ್ದನ್ನು ಹಾಕಿಸಬೇಡಿ. ಲಸಿಕೆಯಿಲ್ಲದ ಮರಿಗಳಿಗೆ ಪ್ಯಾನ್‌ಲ್ಯುಕೋಪೀನಿಯಾ ತಗಲಿದರೆ ಬಹುಪಾಲು ಸಾಯುತ್ತವೆ. ಅಪಾಯಕ್ಕೆ ಎದುರಾಗಿ ಅಪಾಯವಿಟ್ಟು ತೂಗುವುದೇ ಆದರೆ ತಕ್ಕಡಿ ಯಾವ ಕಡೆ ವಾಲುತ್ತದೆ ಎಂಬುದರಲ್ಲಿ ಅನುಮಾನವಿಲ್ಲ.

‘ಬೇಡದ ಚುಚ್ಚುಮದ್ದು’ ಎಂದದ್ದಕ್ಕೆ ಕಾರಣವಿದೆ. ಲಸಿಕೆಯೇ ಬೇಡ ಎಂಬ ನಂಬಿಕೆಯ ಎದುರಿಗೆ ಇನ್ನೊಂದು ನಂಬಿಕೆ ಅಷ್ಟೇ ಯೋಚನೆಯಿಲ್ಲದೆ ಬೆಳೆಯುತ್ತಿದೆ: ಪ್ರತಿ ವರ್ಷ ಎಲ್ಲವನ್ನೂ ಹಾಕಿಸಿದರೆ ಒಳ್ಳೆಯದು, ಹೆಚ್ಚಾದಷ್ಟೂ ಕ್ಷೇಮ. ಮರಿ ವಯಸ್ಸಿನ ಸರಣಿ ಮುಗಿದು, ಆರು ತಿಂಗಳ ಅಥವಾ ಒಂದು ವರ್ಷದ ಬೂಸ್ಟರ್ ಆದ ಮೇಲೆ, ಒಂಟಿಯಾಗಿ ಮನೆಯೊಳಗಿರುವ ಬೆಕ್ಕಿಗೆ ‘ತ್ರೀ ಇನ್ ಒನ್’ ಮೂರು ವರ್ಷಕ್ಕೊಮ್ಮೆ ಸಾಕೆಂದು ಮೇಲೆ ಹೇಳಿದ ಸಂಘವೇ ಹೇಳುತ್ತದೆ. ಆಗಾಗ ಬೋರ್ಡಿಂಗಿಗೆ ಹೋಗುವ, ಹಲವು ಬೆಕ್ಕುಗಳ ನಡುವೆ ಬಾಳುವ ಬೆಕ್ಕಿನ ಲೆಕ್ಕ ಬೇರೆ. ರೇಬೀಸಿಗೆ ಮೂರು ತಿಂಗಳು ತುಂಬಿದ ಮೇಲೆ ಮೊದಲ ಡೋಸ್, ವರ್ಷದ ನಂತರ ಇನ್ನೊಂದು, ಆಮೇಲೆ ಆ ಲಸಿಕೆಯ ಲೇಬಲ್ಲಿನಲ್ಲಿ ಹೇಳಿದ ಅವಧಿಗೆ. ಹೊರಗೆ ಹೋಗುವುದಿಲ್ಲ ಎಂಬ ಸಂಗತಿಗೆ ನ್ಯಾಯವಾದ ಸ್ಥಾನ ಇಲ್ಲಿದೆ. ಲಸಿಕೆ ಎಷ್ಟು ಸಲ ಎಂಬುದನ್ನು ಅದು ನಿರ್ಧರಿಸಬಹುದು, ಬೇಕೇ ಬೇಡವೇ ಎಂಬುದನ್ನಲ್ಲ.

ಇನ್ನೊಂದು ಜಾಣ ಆಕ್ಷೇಪವನ್ನೂ ನೋಡಬೇಕು. ಮನುಷ್ಯರಲ್ಲಿ ಬಹುಪಾಲು ಜನ ಲಸಿಕೆ ಹಾಕಿಸಿಕೊಂಡರೆ ಉಳಿದವರೂ ಅವರ ನೆರಳಿನಲ್ಲಿ ಬಚಾವಾಗುತ್ತಾರೆ. ಹಾಗೆಯೇ ಅಕ್ಕಪಕ್ಕದ ಬೆಕ್ಕುಗಳಿಗೆ ಆಗಿದ್ದರೆ ನಮ್ಮದಕ್ಕೆ ಏಕೆ? ಬೆಕ್ಕುಗಳಲ್ಲಿ ಆ ನೆರಳು ಇಲ್ಲ. ಪಾಲಿಕೆಯ ಸಂತಾನಹರಣ ಮತ್ತು ರೇಬೀಸ್ ಲಸಿಕೆಯ ಕಾರ್ಯಕ್ರಮ ಮುಖ್ಯವಾಗಿ ನಾಯಿಗಳ ಸುತ್ತ ಕಟ್ಟಿದ್ದು, ಬೀದಿ ಬೆಕ್ಕುಗಳು ಅದರ ಅಂಚಿನಲ್ಲಿವೆ. ಅಂದರೆ ನಗರದ ಬೆಕ್ಕುಗಳಲ್ಲಿ ದೊಡ್ಡ ಪಾಲಿಗೆ ಯಾವ ರಕ್ಷಣೆಯೂ ಇಲ್ಲ, ವೈರಸ್ಸು ಅವುಗಳಲ್ಲಿ ಸುತ್ತುತ್ತಲೇ ಇರುತ್ತದೆ. ಬೆಕ್ಕಿನ ಮಟ್ಟಿಗೆ ಪ್ರತಿ ಮನೆಯೂ ತನ್ನ ಕಾವಲನ್ನು ತಾನೇ ಕಾಯಬೇಕು. ಹಿತ್ತಲಿನಲ್ಲಿ ಬೀದಿ ಬೆಕ್ಕಿಗೆ ಅನ್ನ ಹಾಕುವವರ ಹೊಣೆ ಇನ್ನೂ ಒಂದು ತೂಕ ಹೆಚ್ಚು. ಅವರ ಕೈ, ತಟ್ಟೆ, ಬಟ್ಟೆಗಳು ಎರಡು ಲೋಕಗಳನ್ನು ಕೂಡಿಸುತ್ತವೆ. ಸಂತಾನಹರಣಕ್ಕೆಂದು ಹಿಡಿದ ದಿನವೇ ಲಸಿಕೆಯನ್ನೂ ಹಾಕಿಸಿಬಿಟ್ಟರೆ ಒಂದೇ ಹಿಡಿತದಲ್ಲಿ ಎರಡು ಕೆಲಸ. ಗಬ್ಬದ ಬೆಕ್ಕಾದರೆ ವೈದ್ಯರಿಗೆ ಮೊದಲೇ ಹೇಳಬೇಕು. ಜೀವಂತ ವೈರಸ್ಸಿರುವ ಲಸಿಕೆ ಹೊಟ್ಟೆಯಲ್ಲಿರುವ ಮರಿಗಳ ಕಿರುಮೆದುಳಿಗೆ ಹಾನಿ ಮಾಡಬಲ್ಲದು.

ಖರ್ಚು ಮತ್ತು ದೂರ ನಿಜವಾದ ಕಷ್ಟಗಳು, ಅವನ್ನು ವಾದದಿಂದ ಅಳಿಸಲಾಗದು. ಸರ್ಕಾರಿ ಪಶುವೈದ್ಯ ಕಾಲೇಜಿನ ಆಸ್ಪತ್ರೆ ಹೆಬ್ಬಾಳದಲ್ಲಿದೆ. ಕೆಂಗೇರಿಯವರಿಗೆ ಅದು ಊರಿನ ಇನ್ನೊಂದು ತುದಿ, ಮೆಟ್ರೊದಲ್ಲಿ ಸಾಕುಪ್ರಾಣಿ ಒಯ್ಯುವಂತಿಲ್ಲ, ಆಟೊದವರು ಬುಟ್ಟಿ ನೋಡಿ ತಲೆ ಅಲ್ಲಾಡಿಸುತ್ತಾರೆ. ಖಾಸಗಿ ಕ್ಲಿನಿಕ್ಕುಗಳಲ್ಲಿ ಒಂದೊಂದು ಕಡೆ ಒಂದೊಂದು ದರ. ಆದರೂ ಹೋಲಿಸಬೇಕಾದದ್ದು ಲಸಿಕೆಯ ಖರ್ಚನ್ನು ಸೊನ್ನೆಯ ಜೊತೆಗಲ್ಲ, ವಾರಗಟ್ಟಲೆ ಡ್ರಿಪ್ಪು ಹಾಕಿಸುವ ಖರ್ಚಿನ ಜೊತೆಗೆ. ಕೈ ಕಟ್ಟಿದವರು ಆದ್ಯತೆಯ ಕ್ರಮವನ್ನಾದರೂ ಇಟ್ಟುಕೊಳ್ಳಬೇಕು: ಮೊದಲು ಮರಿಯ ಸರಣಿ ಪೂರ್ತಿಯಾಗಲಿ, ಅದರ ಜೊತೆಗೆ ರೇಬೀಸ್, ಉಳಿದದ್ದು ವೈದ್ಯರ ಜೊತೆ ಮಾತಾಡಿ. ಪಾಲಿಕೆ ಮಾಡಬೇಕಾದದ್ದೂ ಒಂದಿದೆ. ರೇಬೀಸ್ ಲಸಿಕೆಯ ಶಿಬಿರಗಳನ್ನು ನಡೆಸುವಾಗ ಬುಟ್ಟಿಯಲ್ಲಿ ಬಂದ ಬೆಕ್ಕನ್ನೂ ನಾಯಿಯಷ್ಟೇ ಸಹಜವಾಗಿ ಸ್ವೀಕರಿಸಲಿ, ಅದನ್ನು ಪ್ರಕಟಣೆಯಲ್ಲೇ ಹೇಳಲಿ.

ಮನೆಗೆ ಮರಿ ತಂದವರಲ್ಲಿ ಕೇಳಿಕೊಳ್ಳುವುದು ಇಷ್ಟೇ. ಹೊರಗೆ ಬಿಡುತ್ತೀರೋ ಇಲ್ಲವೋ ಎಂಬುದನ್ನು ಆಮೇಲೆ ತೀರ್ಮಾನಿಸಿ. ಎಂಟು ವಾರಕ್ಕೆ ಮೊದಲ ಚುಚ್ಚುಮದ್ದು, ಹದಿನಾರು ವಾರ ತುಂಬಿದ ಮೇಲೆ ಕೊನೆಯದು, ಈ ನಡುವೆ ಒಂದನ್ನೂ ತಪ್ಪಿಸಬೇಡಿ, ಕಾರ್ಡನ್ನು ಕಳೆಯಬೇಡಿ.